ಮೀನಿಗೂ ಉಪ್ಪಿನ ಲೆಕ್ಕ

ನಮ್ಮ ದುಮ್ಮವಾಡದ ಹತ್ರ ನೀರಸಾಗರಕ್ಕೆ ನೀರು ತರೋದು ಬೇಡ್ತಿ ಹಳ್ಳ. ಅದೇ ಮುಂದೆ ಗಂಗಾವಳಿಯಾಗಿ ಅಂಕೋಲಾ ಕಡೆ ಕಡಲು ಸೇರ್ತದ. ಇಲ್ಲಿ ಸಿಹಿನೀರು, ಅಲ್ಲಿ ಉಪ್ಪುನೀರು. ಎರಡೂ ಕಡೆ ಮೀನು ಬದುಕೋದು ಹೆಂಗ?

ಗುಟ್ಟು ಇರೋದು ಕಿವಿರಿನ ಜೀವಕೋಶಗಳಲ್ಲಿ. ಕಡಲ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು; ಮೀನಿನ ರಕ್ತದಲ್ಲಿ ಸುಮಾರು 10 ಗ್ರಾಂ ಅಷ್ಟೇ. ಹಂಗಾಗಿ ಕಡಲ ಮೀನಿನ ಕಿವಿರು ಉಪ್ಪನ್ನು ಹೊರಗೆ ಪಂಪ್ ಮಾಡ್ತದ. ಕೆರೆಯ ಕಾಟ್ಲಾ, ರೋಹುಗಳಲ್ಲಿ ಉಲ್ಟಾ: ಮೈಯಿಂದ ಉಪ್ಪು ಸೋರ್ತಾ ಇರ್ತದ, ಕಿವಿರು ಅದನ್ನು ನೀರಿನಿಂದ ವಾಪಸ್ ಹೀರಬೇಕು. ಸೀಬಾಸ್‌ನಂಥ ಮೀನಿಗೆ ಎರಡೂ ಕೆಲಸ ಗೊತ್ತು. ಆದರೆ ಕೋಶಗಳು ಹೊಂದಿಕೊಳ್ಳಲು ಕೆಲವು ದಿನ ಬೇಕು. ಅದಕ್ಕೇ ಅದನ್ನು ಸಿಹಿನೀರಲ್ಲಿ ಸಾಕುವವರು ಉಪ್ಪನ್ನು ಹಂತಹಂತವಾಗಿ ಇಳಿಸ್ತಾರೆ.

ನಮಗೇನು ಲಾಭ ಅಂತೀರಾ? ನಮ್ಮ ಕಡೆ ಮೀನುಮರಿ ಬರೋದು ಚೀಲದಲ್ಲಿ. ಬಲೆ, ಕುಲುಕಾಟದ ಒತ್ತಡಕ್ಕೆ ಮೈಯ ಉಪ್ಪು ಇನ್ನೂ ಜೋರಾಗಿ ಸೋರ್ತದ. ಕೆರೆಗೆ ಬಿಟ್ಟ ಮೇಲೆ ಮರಿ ಸತ್ತರೆ ಎಲ್ಲರೂ ಬೈಯೋದು ಕೆರೆಯ ನೀರನ್ನ! ಸಾಗಿಸುವ ನೀರಿಗೆ ಲೀಟರಿಗೆ 3ರಿಂದ 5 ಗ್ರಾಂ ಉಪ್ಪು ಹಾಕಿದರೆ ಈ ಸೋರಿಕೆ ತಗ್ಗುತ್ತದೆ. ಮರಿ ತರಲು ಹೊರಟ ಗೆಳೆಯರಿಗೆ ನಾ ಹೇಳೋದಿಷ್ಟೇ: ದುಡ್ಡು ಕೊಡೋ ಮುಂಚೆ ಕೇಳ್ರಿ, "ನೀರಿಗೆ ಉಪ್ಪು ಹಾಕೀರೇನ್ರೀ?"