ಸಹಾಯಕ ತರಬೇತುದಾರನಿಗೆ ಹುದ್ದೆ ಎಲ್ಲಿದೆ?

ಗಿರಿನಗರದ ನಮ್ಮ ಮನೆಯ ಸಮೀಪದ ಮೈದಾನದಲ್ಲಿ ಬೆಳಗಿನ ವಾಯುವಿಹಾರದ ವೇಳೆ ಒಬ್ಬ ಯುವಕನನ್ನು ಕಾಣುತ್ತೇನೆ. ಬಲೆಚೀಲದ ತುಂಬ ಚೆಂಡು, ಕೊರಳಲ್ಲಿ ಸೀಟಿ. ಖಾಸಗಿ ಕಾಲೇಜೊಂದರ ಫುಟ್‌ಬಾಲ್ ತಂಡಕ್ಕೆ ಈತ ಸಹಾಯಕ ತರಬೇತುದಾರ. ಅಂತರ ಕಾಲೇಜು ಪಂದ್ಯಗಳು ನಡೆಯುವ ಎರಡು ತಿಂಗಳು ಗೌರವಧನ. ಉಳಿದ ಹತ್ತು ತಿಂಗಳು ಅಪಾರ್ಟ್‌ಮೆಂಟ್ ಮಕ್ಕಳಿಗೆ ಆಟ ಕಲಿಸಿ ಜೀವನ. ‘ಹೆಣ್ಣು ನೋಡಲು ಹೋದರೆ ಕೆಲಸ ಏನೆಂದು ಹೇಳಲಿ ಸರ್?’ ಎಂದು ಒಮ್ಮೆ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಅಹ್ಮದ್ ಖಾನ್, ಅರುಮೈನಾಯಗಂ, ಉಲಗನಾಥನ್ ಇಲ್ಲಿಂದಲೇ ಕೋಲ್ಕತ್ತದ ಕ್ಲಬ್ಬುಗಳಿಗೆ ಹೋದವರು. 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ರಾಜ್ಯ ಮತ್ತೆ ಅದನ್ನು ಕಂಡದ್ದು 2023ರ ಮಾರ್ಚ್‌ನಲ್ಲಿ, ದೂರದ ರಿಯಾದ್‌ನಲ್ಲಿ. ನಡುವಿನ ಅರ್ಧ ಶತಮಾನಕ್ಕೆ ಕಾರಣಗಳು ಹಲವಿರಬಹುದು. ಕಲಿಸುವವನನ್ನು ನಾವು ನಡೆಸಿಕೊಂಡ ಬಗೆಯೂ ಅವುಗಳಲ್ಲೊಂದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಯುಜಿಸಿ ವೇತನಶ್ರೇಣಿ ಇದೆ. ಆದರೆ ಕಬಡ್ಡಿಯಿಂದ ಚದುರಂಗದವರೆಗೆ ಎಲ್ಲಕ್ಕೂ ಅವರೊಬ್ಬರೇ. ಜೊತೆಗೆ ಪರೀಕ್ಷಾ ಕೆಲಸ, ಮೆರವಣಿಗೆಯ ಶಿಸ್ತು. ಅವರ ಕೆಳಗೆ ಒಂದು ಆಟವನ್ನಷ್ಟೇ ಬಲ್ಲವನಿಗೆ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಜಾಗವಿಲ್ಲ. ಪಟಿಯಾಲದ ಕ್ರೀಡಾ ಸಂಸ್ಥೆ 1961ರಿಂದಲೂ ತರಬೇತುದಾರರನ್ನು ರೂಪಿಸುತ್ತಿದೆ. ಫುಟ್‌ಬಾಲ್‌ನಲ್ಲಿ ‘ಡಿ’ಯಿಂದ ‘ಎ’ವರೆಗೆ, ಅದರಾಚೆ ‘ಪ್ರೊ’ವರೆಗೆ ಪರವಾನಗಿಯ ಮೆಟ್ಟಿಲುಗಳಿವೆ. ಅರ್ಥಶಾಸ್ತ್ರದ ಮಾತಿನಲ್ಲಿ ಪೂರೈಕೆ ಇದೆ, ಬೇಡಿಕೆ ಇಲ್ಲ.

ಅಮೆರಿಕದ ಕಾಲೇಜು ಫುಟ್‌ಬಾಲ್ ಬೇರೆಯೇ ಆಟ. ಅಲ್ಲಿನ ಕೋಟಿಗಳೂ ನಮಗೆ ಬೇಡ. ಆದರೆ ಅಲಬಾಮ ವಿಶ್ವವಿದ್ಯಾಲಯದಿಂದ 2024ರಲ್ಲಿ ನಿವೃತ್ತರಾದ ನಿಕ್ ಸೇಬನ್ 1973ರಲ್ಲಿ ಸಹಾಯಕರಾಗಿ ವೃತ್ತಿ ಆರಂಭಿಸಿದವರು. ಕಾಲೇಜು ತಂಡವೊಂದರ ಮುಖ್ಯ ಹೊಣೆ ಮೊದಲು ಸಿಕ್ಕಿದ್ದು 1990ರಲ್ಲಿ. ಅಷ್ಟು ವರ್ಷ ಕಾಯಲು ಸಾಧ್ಯವಾದದ್ದು ಆ ಕೆಲಸದಲ್ಲಿ ಸಂಸಾರ ನಡೆಸಬಹುದಾಗಿದ್ದರಿಂದ.

ಇಲ್ಲಿಯೂ ಈಚೆಗೆ ವೃತ್ತಿಪರ ಕ್ಲಬ್ಬುಗಳಲ್ಲಿ ಸಹಾಯಕನ ಬೆಲೆ ತಿಳಿಯುತ್ತಿದೆ. 2021ರ ಜನವರಿಯಲ್ಲಿ ಕಾರ್ಲೆಸ್ ಕ್ವಾದ್ರಾತ್ ಬೆಂಗಳೂರು ಎಫ್‌ಸಿಯಿಂದ ನಿರ್ಗಮಿಸಿದಾಗ ಹಂಗಾಮಿ ಹೊಣೆ ಹೊತ್ತವರು ಸಹಾಯಕ ನೌಷಾದ್ ಮೂಸಾ. ಮರುತಿಂಗಳೇ ಮತ್ತೊಬ್ಬ ವಿದೇಶಿಯ ನೇಮಕ ಪ್ರಕಟವಾಯಿತು, ಅದು ಬೇರೆ ಮಾತು. ಅದೇ ಮೂಸಾ 2025ರಲ್ಲಿ ಭಾರತದ 23 ವರ್ಷದೊಳಗಿನವರ ತಂಡವನ್ನು ನಡೆಸಿದರು. ಆದರೆ ಒಂದು ಕ್ಲಬ್ಬು ಎಷ್ಟು ಮಂದಿಗೆ ಅನ್ನ ಕೊಟ್ಟೀತು? ಕಾಲೇಜುಗಳಾದರೋ ನೂರಾರು.

ಒಂದು ತಪ್ಪೊಪ್ಪಿಗೆ. ಸೇವೆಯಲ್ಲಿದ್ದಾಗ ಕಾಲೇಜುಗಳಿಗೆ ಆಟವಾರು ತರಬೇತುದಾರರನ್ನು ನೀಡುವ ಪ್ರಸ್ತಾವ ನನ್ನ ಮೇಜಿಗೂ ಬಂದಿತ್ತು. ‘ಆವರ್ತಕ ವೆಚ್ಚ, ಪರಿಗಣಿಸಲು ಬರುವುದಿಲ್ಲ’ ಎಂದು ಬರೆದು ಕಡತ ಹಿಂದಿರುಗಿಸಿದವನು ನಾನೇ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು.

ಪ್ರತಿ ಕಾಲೇಜಿಗೂ ಹುದ್ದೆ ಬೇಕೆಂದು ಇಂದೂ ಹೇಳಲಾರೆ. ಆದರೆ ಜಯನಗರ, ಬನಶಂಕರಿ, ಬಸವನಗುಡಿಯಂಥ ಅಕ್ಕಪಕ್ಕದ ಬಡಾವಣೆಗಳ ನಾಲ್ಕೈದು ಕಾಲೇಜುಗಳು ಸೇರಿ, ಹನ್ನೆರಡು ತಿಂಗಳ ವೇತನದ ಮೇಲೆ ಒಬ್ಬನನ್ನು ಇಟ್ಟುಕೊಳ್ಳಲು ಅಡ್ಡಿಯೇನು? ಪ್ರವೇಶದ ವೇಳೆ ವಿದ್ಯಾರ್ಥಿಗಳಿಂದ ಕ್ರೀಡಾ ಶುಲ್ಕ ಪಡೆಯುವ ಕಾಲೇಜುಗಳು ಕಡಿಮೆಯೇನಲ್ಲ. ಆ ಹಣ ಎಲ್ಲಿ ಖರ್ಚಾಗುತ್ತಿದೆ ಎಂಬುದನ್ನು ಆಡಳಿತ ಮಂಡಳಿಗಳು ಮೊದಲು ಸೂಚನಾ ಫಲಕದಲ್ಲಿ ಹಾಕಲಿ.