ಬಾಡಿಗೆದಾರನೋ, ಪರವಾನಗಿದಾರನೋ?

ಮುಂಬಯಿಯಲ್ಲಿ ಮನೆ ಹಿಡಿಯುವ ನಮ್ಮವರಲ್ಲಿ ಹಲವರು ತಾವು ರುಜು ಹಾಕಿದ ಕಾಗದದ ತಲೆಬರಹವನ್ನು ಕೂಡ ಓದಿರುವುದಿಲ್ಲ. ದಲಾಳಿಯು ಬಾಯಲ್ಲಿ ‘ಬಾಡಿಗೆ ಕರಾರು’ ಎನ್ನುತ್ತಾನೆ. ಕಾಗದದಲ್ಲಿ ಮಾತ್ರ ‘ಲೀವ್ ಎಂಡ್ ಲೈಸೆನ್ಸ್’ ಎಂದಿರುತ್ತದೆ. ಎರಡೂ ಒಂದೇ ಎಂದು ನಂಬಿದವರಿಗೆ ಮನೆ ಬಿಡುವ ದಿನ ಬಂದಾಗ ವ್ಯತ್ಯಾಸವು ಗೋಚರಿಸುತ್ತದೆ.

1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಬಾಡಿಗೆಯೆಂದರೆ ಸ್ಥಿರ ಸ್ವತ್ತನ್ನು ಅನುಭವಿಸುವ ಹಕ್ಕಿನ ವರ್ಗಾವಣೆ. ಅದೇ ವರ್ಷದ ಈಸ್‌ಮೆಂಟ್ ಕಾಯಿದೆಯಂತೆ ಪರವಾನಗಿಯೆಂದರೆ ಬರಿಯ ಅನುಮತಿ. ಮೊದಲನೆಯದರಲ್ಲಿ ಮನೆಯ ಮೇಲೆ ಹಕ್ಕು ಹುಟ್ಟುತ್ತದೆ, ಎರಡನೆಯದರಲ್ಲಿ ಹುಟ್ಟುವುದಿಲ್ಲ. ಕಾಗದದ ಹೆಸರಿಗಿಂತ ವ್ಯವಹಾರದ ತಿರುಳೇ ಮುಖ್ಯವೆಂದು ಸರ್ವೋಚ್ಚ ನ್ಯಾಯಾಲಯವು 1959ರಲ್ಲಿಯೇ ಹೇಳಿತ್ತು, ನಿಜ. ಆದರೆ ಮುಂಬಯಿಯ ವಾಸದ ಮನೆಯಲ್ಲಿ ಆ ಮಾತನ್ನು ನೆಚ್ಚಿ ಕೂಡುವಂತಿಲ್ಲ. ಕಾರಣವನ್ನು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಚಾಳಿನ ಖೋಲಿಯಲ್ಲಿದ್ದ ಬಡವನಿಗೆ ಅದು ದೊಡ್ಡ ಆಸರೆಯಾಯಿತು. ಮಾಲಕರಾದರೋ ಒಂದು ಕಡೆ ಪಗಡಿಯನ್ನೂ ಮತ್ತೊಂದು ಕಡೆ ‘ಪರವಾನಗಿ’ಯೆಂಬ ಓಣಿದಾರಿಯನ್ನೂ ಹಿಡಿದರು. ಆಗ ಸರಕಾರವು ತಿದ್ದುಪಡಿ ತಂದು, 1973ರ ಫೆಬ್ರವರಿ 1ರಂದು ಮನೆಯಲ್ಲಿದ್ದ ಪರವಾನಗಿದಾರರನ್ನೆಲ್ಲ ಬಾಡಿಗೆದಾರರೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. ಒಳಗಿದ್ದವರು ಉಳಿದರು, ಹೊರಗಿದ್ದವರಿಗೆ ಮನೆ ದುರ್ಲಭವಾಯಿತು, ಏಕೆಂದರೆ ಹೆದರಿದ ಮಾಲಕರು ಬೀಗ ಹಾಕಿಡುವುದೇ ಲೇಸೆಂದುಕೊಂಡರು. ಈ ಭಯವನ್ನು ಕಳೆಯುವ ಉದ್ದೇಶವು 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅದರ 24ನೆಯ ಕಲಮನ್ನು ಪ್ರತಿಯೊಬ್ಬ ವಾಚಕನೂ ತಿಳಿದಿರತಕ್ಕದ್ದು. ಅವಧಿ ಮುಗಿದೊಡನೆ ಪರವಾನಗಿದಾರನು ಮನೆಯನ್ನು ತೆರವು ಮಾಡಬೇಕು. ಮಾಡದಿದ್ದರೆ ಸಕ್ಷಮ ಅಧಿಕಾರಿಯು ಹೊರಡಿಸಬಹುದು, ಅಷ್ಟು ದಿನಗಳಿಗೆ ಇಮ್ಮಡಿ ಹಣವನ್ನೂ ತೆರಬೇಕಾಗುತ್ತದೆ. ಆ ವಿಚಾರಣೆಯಲ್ಲಿ ಲಿಖಿತ ಕರಾರಿನಲ್ಲಿ ಬರೆದದ್ದೇ ನಿರ್ಣಾಯಕ ಸಾಕ್ಷ್ಯ. ‘ಬಾಯಲ್ಲಿ ಮೂರು ವರ್ಷವೆಂದಿದ್ದರು’ ಎಂಬ ಅಳಲು ಅಲ್ಲಿ ನಡೆಯದು. ವರ್ಷಕ್ಕೆ ನೂರಕ್ಕೆ 4ರಷ್ಟೇ ಏರಿಕೆ, ಬಾಡಿಗೆಗೆ ರಸೀದಿ, ನೀರು ದೀಪಗಳನ್ನು ಕಡಿಯಬಾರದೆಂಬ ನಿರ್ಬಂಧ, ಇವೆಲ್ಲ ಅದೇ ಕಾಯಿದೆಯಲ್ಲಿವೆ. ಆದರೆ ಆ ಕಲಮುಗಳು ಮಾತನಾಡುವುದು ಬಾಡಿಗೆದಾರನ ಬಗೆಗೆ. ಪಗಡಿಯ ಖೋಲಿಯಲ್ಲಿರುವ ಹಿರಿಯರಿಗೂ ಹೊಸ ಕಟ್ಟಡದ ಫ್ಲ್ಯಾಟಿನಲ್ಲಿರುವ ಅವರ ಮೊಮ್ಮಗನಿಗೂ ಕಾನೂನಿನ ರಕ್ಷಣೆ ಸಮಾನವಲ್ಲ.

ಊರಿನಿಂದ ಹೊಸದಾಗಿ ಬಂದವರು ಮಾಡುವ ತಪ್ಪು ಇನ್ನೊಂದಿದೆ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಬಾಡಿಗೆ ಪತ್ರಕ್ಕೆ ಮಾತ್ರ ನೋಂದಣಿ ಕಡ್ಡಾಯವಾದುದರಿಂದ ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಛಾಪಾ ಕಾಗದವೇ ರೂಢಿ. ಮಹಾರಾಷ್ಟ್ರದಲ್ಲಿ ಆ ಲೆಕ್ಕ ನಡೆಯದು. 55ನೆಯ ಕಲಮಿನಂತೆ ಹನ್ನೊಂದು ತಿಂಗಳ ಕರಾರನ್ನೂ ನೋಂದಾಯಿಸಲೇಬೇಕು. ಹೊಣೆ ಮಾಲಕನದು, ತಪ್ಪಿದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ನೋಂದಣಿಯಿಲ್ಲದೆ ವ್ಯಾಜ್ಯ ಬಂದರೆ, ಷರತ್ತುಗಳ ವಿಷಯದಲ್ಲಿ ವಾಸಿಸುವವನು ಹೇಳಿದ್ದೇ, ಸುಳ್ಳೆಂದು ಸಿದ್ಧವಾಗುವ ತನಕ, ನಿಲ್ಲುತ್ತದೆ. ಖರ್ಚು ಉಳಿಸೋಣವೆಂದು ನೋಂದಣಿಯನ್ನು ತಪ್ಪಿಸುವ ಮಾಲಕರಿಗೆ ಇದು ಗೊತ್ತಿದ್ದಂತಿಲ್ಲ!

ಇನ್ನು ಠೇವಣಿ. ನಮ್ಮವರ ಉಳಿತಾಯವೆಲ್ಲ ಸಿಕ್ಕಿಕೊಳ್ಳುವುದು ಇಲ್ಲಿಯೇ. ಕೇಂದ್ರ ಸಂಪುಟವು 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯವು ಅಂಗೀಕರಿಸಿ ಕಾನೂನು ಮಾಡದೆ ಯಾರನ್ನೂ ಬಂಧಿಸದು. ಮನೆ ಬಿಡಿಸಿಕೊಳ್ಳಲು ಮಾಲಕನಿಗೆ ಸಕ್ಷಮ ಅಧಿಕಾರಿಯ ಹತ್ತಿರದ ದಾರಿಯುಂಟು. ಠೇವಣಿಯನ್ನು ಬಿಡಿಸಿಕೊಳ್ಳಲು ಪರವಾನಗಿದಾರನಿಗೆ ಅಂಥದು ಇಲ್ಲ. ಈ ಅಸಮತೆಯನ್ನು ಶಾಸನಕರ್ತರು ಗಮನಿಸಿದಂತೆ ತೋರುವುದಿಲ್ಲ.

ಆದುದರಿಂದ ರುಜು ಹಾಕುವ ಮೊದಲೇ ಮೂರು ವಿಷಯಗಳು ಬರಹದಲ್ಲಿರಬೇಕು: ಅವಧಿಗೆ ಮುಂಚೆ ಬಿಡುವ ಹಕ್ಕು ಇಬ್ಬರಿಗೂ ಎಷ್ಟು ತಿಂಗಳ ನೋಟೀಸಿನ ಮೇಲೆ ಎಂಬುದು, ಸುಣ್ಣಬಣ್ಣ, ದುರಸ್ತಿಗಳಿಗೆ ಎಷ್ಟು ಮುರಿದುಕೊಳ್ಳಬಹುದೆಂಬುದು, ಕೀಲಿಕೈ ಒಪ್ಪಿಸುವ ಹೊತ್ತಿನಲ್ಲಿಯೇ ಠೇವಣಿಯು ಕೈಗೆ ಬರತಕ್ಕದ್ದೆಂಬುದು. ಮೂರನೆಯದನ್ನು ಬರೆಯಲು ಮಾಲಕನು ಅನುಮಾನಿಸಿದರೆ, ಬೇರೆ ಮನೆ ನೋಡಲು ಅದೇ ಸಕಾಲ.