ದೂರವನ್ನು ಅಳೆಯಲು ಒಂದೆಳೆ ದಾರ

ಬೆಂಗಳೂರಿನಿಂದ ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರಕ್ಕೆ ಹೊರಟ ವಿಮಾನವು ಅತಿ ಹತ್ತಿರದ ದಾರಿಯನ್ನು ಹಿಡಿಯಬೇಕಾದರೆ ಯಾವ ದಿಕ್ಕಿಗೆ ಮುಖಮಾಡಬೇಕು? ತರಗತಿಯಲ್ಲಿ ಕೇಳಿದರೆ ಕೆಲವರು ಪಶ್ಚಿಮವೆಂದೂ ಕೆಲವರು ಪೂರ್ವವೆಂದೂ ಹೇಳುವರು. ನಿಜವಾಗಿ ಈ ಪ್ರಶ್ನೆಗೆ ಉತ್ತರವೇ ಉತ್ತರ! ಪೂರ್ವಕ್ಕೆ ಸುಮಾರು 20 ಡಿಗ್ರಿ ಓರೆಯಾದ ಉತ್ತರ.

ತಪ್ಪು ವಿದ್ಯಾರ್ಥಿಗಳದಲ್ಲ, ಗೋಡೆಗೆ ತೂಗುಹಾಕಿದ ಭೂಪಟದ್ದು. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡುವಾಗ ಯಾವುದಾದರೊಂದು ಗುಣ ಕೆಡಲೇಬೇಕು. 1569ರಲ್ಲಿ ಮರ್ಕೇಟರನು ರಚಿಸಿದ ಭೂಪಟವು ನಾವಿಕರಿಗೆ ದಿಕ್ಕನ್ನು ಸರಿಯಾಗಿ ತೋರಿಸಿತು. ಅದಕ್ಕಾಗಿ ದೂರವನ್ನು ಬಲಿಗೊಟ್ಟಿತು. ಗ್ರೀನಿಚ್ಚನ್ನು ನಡುವಿಟ್ಟುಕೊಂಡ ಅಂತಹ ಭೂಪಟದಲ್ಲಿ ಈ ಎರಡು ನಗರಗಳ ನಡುವೆ ಸರಳರೇಖೆ ಎಳೆದರೆ ಅದು ಅರೇಬಿಯ, ಆಫ್ರಿಕ, ಅಟ್ಲಾಂಟಿಕ್ ಸಾಗರಗಳನ್ನು ದಾಟಿ ಹೋಗುವುದು. ಆ ದಾರಿಯ ಉದ್ದ ಸುಮಾರು 20,000 ಕಿಲೋಮೀಟರು. ಪೂರ್ವಕ್ಕೆ ತಿರುಗಿ ಪೆಸಿಫಿಕ್ ಸಾಗರದ ಮೇಲೆ ಅದೇ ರೀತಿ ಹೋದರೂ 16,000 ಆಗುವುದು.

ಈಗ 30 ಸೆಂಟಿಮೀಟರು ವ್ಯಾಸದ ಗೋಳವನ್ನು ತೆಗೆದುಕೊಂಡು ಎರಡು ನಗರಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿಯೋಣ. ಅದು ಚೀನ, ಸೈಬೀರಿಯಗಳ ಮೇಲೆ 71 ಡಿಗ್ರಿ ಅಕ್ಷಾಂಶದವರೆಗೂ ಏರಿ, ಅಲಾಸ್ಕದ ಮೇಲೆ ಇಳಿಯುವುದು. ಇದೇ ಮಹಾವೃತ್ತದ ದಾರಿ. ದಾರದ ಉದ್ದ 33 ಸೆಂಟಿಮೀಟರು. ಈ ಗೋಳದಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 425 ಕಿಲೋಮೀಟರು. ಆದುದರಿಂದ ದೂರ 14,000 ಕಿಲೋಮೀಟರು.

ಇದು ಬರಿಯ ಲೆಕ್ಕವಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯದ ಮಹಿಳಾ ಚಾಲಕರು ಸಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವ ಪ್ರದೇಶದ ಮೇಲೆ ಹಾರಿ, ಎಲ್ಲಿಯೂ ನಿಲ್ಲದೆ ಬೆಂಗಳೂರನ್ನು ಸೇರಿದರು. 9ರ ರಾತ್ರಿ ಹೊರಟ ವಿಮಾನ 11ರ ಬೆಳಗಿನ ಜಾವ ಇಳಿಯಿತು. ಗಡಿಯಾರವನ್ನಷ್ಟೇ ನೋಡಿದವರಿಗೆ 30 ಗಂಟೆಗೂ ಮೀರಿತೆಂದು ತೋರೀತು. ಎರಡು ನಗರಗಳ ವೇಳೆಯಲ್ಲಿ ಆಗ ಹದಿಮೂರೂವರೆ ಗಂಟೆಗಳ ಅಂತರವಿತ್ತು. ಅದನ್ನು ಕಳೆದರೆ ಹಾರಾಟಕ್ಕೆ ಹಿಡಿದದ್ದು 17 ಗಂಟೆಗಳಷ್ಟೇ.

ದೂರವೊಂದೇ ಕಾಲವನ್ನು ನಿರ್ಣಯಿಸುವುದೂ ಇಲ್ಲ. ಮೇಲಿನ ವಾಯುಮಂಡಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ರಭಸದ ಗಾಳಿಯಿಂದಾಗಿ, ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗಲು ಬರುವುದಕ್ಕಿಂತ ಸುಮಾರು ಒಂದು ಗಂಟೆ ಹೆಚ್ಚು ಬೇಕು. ಮನುಷ್ಯರ ಕಲಹವೂ ದಾರಿಯನ್ನು ಬಳಸುವಂತೆ ಮಾಡುತ್ತದೆ: 2022ರಲ್ಲಿ ರಷ್ಯದ ಆಕಾಶ ಮುಚ್ಚಿದಾಗ ಹೆಲ್ಸಿಂಕಿಯಿಂದ ಟೋಕಿಯೋಗೆ 9 ಗಂಟೆಗಳ ಪ್ರಯಾಣ ಸುಮಾರು 13 ಗಂಟೆಗಳಾಯಿತು.

ಇಷ್ಟನ್ನೂ ಕಲಿಸಬಲ್ಲ ಗೋಳವು ಅನೇಕ ಶಾಲೆಗಳಲ್ಲಿ ಬೀರುವಿನೊಳಗೆ ಧೂಳು ತಿನ್ನುತ್ತಿರುವುದು ನಮಗೆ ಖೇದದ ಸಂಗತಿ. ಒಡೆದೀತೆಂಬ ಭಯದಿಂದ ಅದನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಗೋಳ ಒಡೆದರೆ ಮತ್ತೊಂದನ್ನು ಕೊಳ್ಳಬಹುದು. ಭೂಮಿ ಚಪ್ಪಟೆಯಾಗಿದೆಯೆಂಬಂತೆ ಯೋಚಿಸುವ ಅಭ್ಯಾಸ ಒಮ್ಮೆ ಬೇರೂರಿದರೆ ಅದನ್ನು ಕೀಳುವುದು ಕಷ್ಟ. ದೂರದ ಅಂಕಿಯನ್ನು ಕ್ಷಣಮಾತ್ರದಲ್ಲಿ ಒದಗಿಸುವ ಯಂತ್ರಗಳು ಇಂದು ಎಲ್ಲರ ಕೈಯಲ್ಲಿವೆ. ಆದರೆ ಆ ಅಂಕಿ ಏಕೆ ಹಾಗಿದೆ ಎಂಬ ತಿಳಿವು ದಾರ ಹಿಡಿದ ಬೆರಳುಗಳಿಗೆ ದಕ್ಕುವಷ್ಟು ಸುಲಭವಾಗಿ ಬೇರೆಲ್ಲಿಯೂ ದಕ್ಕದೆಂಬುದು ನಮ್ಮ ಅಭಿಪ್ರಾಯ. ಬೀರುವಿನ ಬೀಗ ತೆರೆಯಲಿ.